ಕುಸುಮಕ್ಕ ಮತ್ತು ಬಿಷಪ್ ಎಂಬ ನಾಯಿ

ಕುಸುಮಾವತಿ ಸತ್ತಳು. ಡಿಸೆಂಬರ್ ಇಪ್ಪತ್ತಾರರ ಸಂಜೆ, ಕುವೈತಿನ ಜಾಬ್ರಿಯಾದಲ್ಲಿ, ತನ್ನದಲ್ಲದ ಮನೆಯಲ್ಲಿ, ತನ್ನದಲ್ಲದ ಸೋಫಾದ ಮೇಲೆ. ವಯಸ್ಸು ಐವತ್ತೇಳು. ಹೃದಯಾಘಾತ ಎಂದು ಕಾಗದದಲ್ಲಿದೆ.

ಆ ಸೋಫಾದ ಒಡತಿ ಆಲಿವ್ ಆ ಹೊತ್ತಿಗೆ ಮಂಗಳೂರಿನಲ್ಲಿ, ಅತ್ತೆಯ ಅಡುಗೆಮನೆಯಲ್ಲಿ, ಹಿಂದಿನ ದಿನದ ಹಂದಿಮಾಂಸದ ಪದಾರ್ಥವನ್ನು ಬಿಸಿಮಾಡುತ್ತಿದ್ದಳು. ಗೆಳತಿಯ ಜೀವ ಹೋಗುವಾಗ ತಾನು ಸಟ್ಟುಗದಲ್ಲಿ ಉಪ್ಪು ನೋಡುತ್ತಿದ್ದೆನಲ್ಲ ಎಂಬುದು ಆಮೇಲೆ ಎಷ್ಟೋ ದಿನ ಅವಳನ್ನು ಕೊರೆಯಿತು. ಇದನ್ನು ಕುಸುಮಕ್ಕನಿಗೇ ಹೇಳುವಂತಿದ್ದರೆ ಅವಳು, "ಮತ್ತೆಂತ ನೋಡಬೇಕಿತ್ತು ಬಾಯಿ, ಪಂಚಾಂಗವಾ? ಉಪ್ಪು ಸರಿ ಇತ್ತಾ ಇಲ್ವಾ ಅದು ಹೇಳು" ಎನ್ನುತ್ತಿದ್ದಳು.

ಬಾಯಿ ಎಂದರೆ ಆಲಿವ್. ಊರಲ್ಲಿ ತುಳುವರು ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದೂ ಗಂಡಸರನ್ನು ಪೊರ್ಬುಳು ಎಂದೂ ಕರೆಯುತ್ತಾರೆ. ಕಾಲು ಶತಮಾನ ಕುವೈತಿನಲ್ಲಿದ್ದರೂ ಕುಸುಮಕ್ಕ ಆ ಪದ್ಧತಿ ಬಿಟ್ಟಿರಲಿಲ್ಲ. ಆಲಿವಳ ಗಂಡ ಯೂಜಿನ್ ಕಂಪನಿಯಲ್ಲಿ ದೊಡ್ಡ ಟೈ ಕಟ್ಟುವ ಮನುಷ್ಯ. ಅವನನ್ನು ಲಿಫ್ಟಿನಲ್ಲಿ, ಅವನ ಬಾಸಿನ ಎದುರು, "ಏನು ಪೊರ್ಬುಳೇ, ಹೊಟ್ಟೆ ಇಳಿಯಲೇ ಇಲ್ವಲ್ಲ" ಎಂದು ಕೇಳುವ ಧೈರ್ಯ ಅವಳೊಬ್ಬಳಿಗೇ ಇದ್ದದ್ದು.

ಅವಳು ಮುಲ್ಕಿಯ ಕಡೆಯವಳು. ಒಂದು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್. ವಾಸ ಫರ್ವಾನಿಯಾದಲ್ಲಿ, ಹಳೇ ಕಟ್ಟಡದ ನಾಲ್ಕನೇ ಮಾಳಿಗೆಯ ಒಂದು ಕೋಣೆಯಲ್ಲಿ. ಗಂಡ ಇದ್ದ. ಕೆಲಸ ಹುಡುಕಲು ಬಹರೈನಿಗೆ ಹೋದವನು ಅಲ್ಲಿ ಕೆಲಸವನ್ನೂ ಇನ್ನೊಬ್ಬ ಹೆಂಗಸನ್ನೂ ಹುಡುಕಿಕೊಂಡ. "ಹುಡುಕುದರಲ್ಲಿ ಮೊದಲಿಂದಲೂ ಹುಷಾರು. ಮನೆಯಲ್ಲಿ ಚಾವಿ ಒಂದು ಬಿಟ್ಟು ಬಾಕಿ ಎಲ್ಲ ಸಿಗ್ತಿತ್ತು ಅವನಿಗೆ." ಅವನ ಬಗ್ಗೆ ಅವಳು ಹೇಳಿದ್ದು ಇಷ್ಟೇ. ಆಲಿವ್ ಮುಂದೆ ಕೇಳಲಿಲ್ಲ.

ಡಿಸೆಂಬರ್ ಬಂತೆಂದರೆ ಕುವೈತಿನ ಮಂಗಳೂರು ಕ್ರಿಶ್ಚಿಯನ್ನರು ಅರ್ಧಕ್ಕರ್ಧ ವಿಮಾನ ಹತ್ತುತ್ತಾರೆ. ಮಕ್ಕಳು, ಸೂಟ್‌ಕೇಸು, ಅತ್ತೆಗೆ ಹಾಲಿನ ಪುಡಿ, ಮಾವನಿಗೆ ನೋವಿನ ಎಣ್ಣೆ, ಎಲ್ಲವೂ ಹೋಗುತ್ತದೆ. ಹೋಗದೆ ಉಳಿಯುವುದು ಬೆಕ್ಕು, ಗಿಳಿ, ನಾಯಿ, ಮೀನು. ಕುಸುಮಕ್ಕ ಊರಿಗೆ ಹೋಗುವುದಿದ್ದರೆ ಬೇಸಿಗೆಯಲ್ಲಿ, ಮನೆಯ ಭೂತದ ನೇಮೋತ್ಸವಕ್ಕೆ. ಹಾಗಾಗಿ ಚಳಿಗಾಲದ ರಜೆಯಲ್ಲಿ ಕೈಗೆ ಸಿಗುವ ಹಿಂದೂ ಅವಳೇ. ಮೊದಲ ವರ್ಷ ಒಂದು ಬೆಕ್ಕು ಬಂತು. ಮರುವರ್ಷಕ್ಕೆ ಅವಳ ಕೋಣೆ ಪ್ರಾಣಿಗಳ ಗೋದಾಮಿನ ಹಾಗಾಗಿತ್ತು.

ಅವಳಿಗೆ ಪ್ರಾಣಿಗಳ ಬಗ್ಗೆ ಏನಾದರೂ ಗೊತ್ತಿತ್ತು ಎಂದುಕೊಂಡರೆ ತಪ್ಪು. ಏನೂ ಗೊತ್ತಿರಲಿಲ್ಲ. ನೆಗಡಿಯಾದ ಬೆಕ್ಕಿಗೆ ಕಾಳುಮೆಣಸಿನ ಕಷಾಯ ಕುಡಿಸಲು ಹೊರಟವಳನ್ನು ನರ್ಸ್ ಆಲಿವ್ ಕೈ ಹಿಡಿದು ನಿಲ್ಲಿಸಿದ್ದಳು. ಅವಳು ಕಲಿತದ್ದೆಲ್ಲ ಕೆಡಿಸಿ ಕಲಿತದ್ದು. ಶಬ್ನಾ ಎಂಬ ಬ್ಯಾರಿ ಹುಡುಗಿಯ ಗಿಳಿ ಬಂದ ವರ್ಷ, ಕಿಟಕಿ ಮುಚ್ಚಿ, ಹೀಟರ್ ಹಾಕಿ, ದೇವರಿಗೆ ಲೋಬಾನದ ಹೊಗೆ ಹಾಕಿದಳು. ದೇವರಿಗೆ ಏನೂ ಆಗಲಿಲ್ಲ. ಗಿಳಿ ಕೋಲಿನಿಂದ ಕೆಳಗೆ ಬಿತ್ತು. ಹಕ್ಕಿಯ ಶ್ವಾಸಕೋಶಕ್ಕೆ ಹೊಗೆ ಆಗದು, ಇನ್ನು ಸ್ವಲ್ಪ ತಡವಾಗಿದ್ದರೆ ಸತ್ತೇ ಹೋಗುತ್ತಿತ್ತು ಎಂದು ಡಾಕ್ಟರ್ ಬೈದ ಮೇಲೆ ಅವಳು ದೇವರ ಪಟಗಳನ್ನೆಲ್ಲ ಬಾಲ್ಕನಿಗೆ ದಾಟಿಸಿದಳು. "ಚಳಿ ಆಗ್ತದಲ್ಲ ಕುಸುಮಕ್ಕ, ದೇವರಿಗೆ" ಎಂದು ಆಲಿವ್ ತಮಾಷೆ ಮಾಡಿದರೆ, "ಅವರು ಹಿಮಾಲಯದವರು, ತಡೀತಾರೆ. ಇದು ಆಫ್ರಿಕಾದ್ದು" ಎಂದಳು.

ಚಳಿಗಾಲದ ಬೆಳಿಗ್ಗೆ ಬೀದಿಬೆಕ್ಕುಗಳು ಬಿಸಿಗಾಗಿ ಕಾರಿನ ಎಂಜಿನ್ನಿನೊಳಗೆ ಹೋಗಿ ಮಲಗುತ್ತವೆ ಎಂಬುದನ್ನು ಯಾರೋ ಹೇಳಿದ್ದೇ ತಡ, ಎದುರು ಸಿಕ್ಕ ಕಾರಿನ ಬಾನೆಟ್ಟಿಗೆಲ್ಲ ಹೊಡೆಯತೊಡಗಿದಳು. ಒಮ್ಮೆ ಹೋಟೆಲಿನ ಮ್ಯಾನೇಜರ್ ಕಾರಿನಲ್ಲಿ ಕೂತು ಫೋನಿನಲ್ಲಿ ಹೆಂಡತಿಯ ಜೊತೆ ಜಗಳವಾಡುತ್ತಿದ್ದಾಗ ಧಡಾರ್ ಎಂದು ಗುದ್ದಿದಳು. ಒಳಗಿಂದ ಬೆಕ್ಕು ಬರಲಿಲ್ಲ, ಮ್ಯಾನೇಜರ್ ಬಂದ. ಕೆಲಸ ಹೋಗದಿದ್ದದ್ದು ಪುಣ್ಯ.

"ನಿಮಗೆ ಪ್ರಾಣಿ ಅಂದ್ರೆ ಅಷ್ಟು ಪ್ರೀತಿಯಾ?" ಎಂದು ಆಲಿವ್ ಒಮ್ಮೆ ಕೇಳಿದಳು.

"ಪ್ರೀತಿ ಎಂತ ಮಣ್ಣು. ಕೊಟ್ಟು ಹೋಗಿದ್ದಾರೆ. ಬರುವಾಗ ಇರಬೇಕಲ್ಲ."

ಬಿಷಪ್ ಆಲಿವಳ ಮನೆಯ ನಾಯಿ. ಕಂದು ಮೈ, ಕುತ್ತಿಗೆಯ ಸುತ್ತ ಬಿಳಿ ಪಟ್ಟಿ, ನಡಿಗೆಯಲ್ಲಿ ಒಂದು ಘನತೆ. ಹೆಸರಿಟ್ಟವನು ಯೂಜಿನ್. ಇಟ್ಟ ಮೇಲೆ ಅದರ ಕಷ್ಟ ಗೊತ್ತಾಯಿತು. ಪಾರ್ಕಿನಲ್ಲಿ "ಬಿಷಪ್, ಅದನ್ನು ತಿನ್ಬೇಡ!" ಎಂದು ಕೂಗುವಾಗ ಚರ್ಚಿನವರು ಯಾರಾದರೂ ಇದ್ದಾರೆಯೇ ಎಂದು ನೋಡಬೇಕಿತ್ತು. ಫರ್ವಾನಿಯಾದ ಕಟ್ಟಡದಲ್ಲಿ ನಾಯಿಗೆ ಪ್ರವೇಶವಿಲ್ಲ. ಆದ್ದರಿಂದ ಬಿಷಪ್ ಬಂದಂದಿನಿಂದ ರಜೆಯಲ್ಲಿ ಕುಸುಮಕ್ಕನೇ ಒಂದು ಚೀಲ ಹಿಡಿದು ಆಲಿವಳ ಫ್ಲ್ಯಾಟಿಗೆ ಬಂದಿರುವುದು ರೂಢಿಯಾಯಿತು.

ಹೋದ ಡಿಸೆಂಬರಿನಲ್ಲಿ ಅವಳ ಪಾಲಿಗೆ ಬಂದದ್ದು ಬಿಷಪ್ ಒಬ್ಬನೇ. ಹೊರಡುವ ದಿನ ಬಂದವಳೇ ಮನೆಯನ್ನು ಪೊಲೀಸರಂತೆ ಜಾಲಾಡಿದಳು. ಕ್ರಿಸ್ಮಸ್ ಮರದ ಕೆಳಗಿನ ಮಿಂಚುದಾರವನ್ನೆಲ್ಲ ಕಿತ್ತಳು, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ ಎಂದು. ಚಾಕಲೇಟನ್ನು ಫ್ರಿಜ್ಜಿನ ಮೇಲಿಟ್ಟಳು. ಹೀಟರಿನ ವೈರನ್ನು ಸೋಫಾದ ಹಿಂದೆ ಸಿಕ್ಕಿಸಿದಳು. ಆಲಿವ್ ಪ್ರೀತಿಯಿಂದ ಒಂದು ಡಬ್ಬ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿ, ಕೊಟ್ಟಳು. ನೆವ್ರಿ, ಕಿಡಿಯೋ, ಒಣದ್ರಾಕ್ಷಿ ತುಂಬಿದ ಕೇಕು. ಕುಸುಮಕ್ಕ ಬಾಗಿಲಲ್ಲೇ ನಿಂತು ಕೇಕನ್ನು ಪೂರ್ತಿ ತಿಂದಳು.

"ನಿಮಗೆ ಶುಗರ್ ಉಂಟು ಕುಸುಮಕ್ಕ!"

"ನಾಯಿಗೆ ದ್ರಾಕ್ಷಿ ವಿಷ ಅಂತೆ. ಮನೆಯೊಳಗೆ ಇಟ್ಟರೆ ಆಗುದಿಲ್ಲ. ಬಿಸಾಡಿದರೆ ನಿನಗೆ ಬೇಜಾರು. ನಾನೆಂತ ಮಾಡುದು ಹೇಳು?"

ಆಲಿವ್ ನಕ್ಕಳು. ಹನ್ನೊಂದು ವರ್ಷದ ಮಗಳು ರಿಯೋನಾ ನಾಯಿಯ ಕುತ್ತಿಗೆ ತಬ್ಬಿ ಅತ್ತಳು. ಯೂಜಿನ್ "ಟ್ಯಾಕ್ಸಿ ಬಂತು, ಯಲ್ಲಾ, ಯಲ್ಲಾ" ಎಂದು ಅರಚಿದ. ಅವರು ಹೋದರು.

ಕುಸುಮಕ್ಕ ಎಲ್ಲ ನೋಡಿದ್ದಳು. ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಹಿಂದೆ, ಹಳೇ ಲುಂಗಿ ಮುಚ್ಚಿದ್ದ ಬಕೆಟ್ಟನ್ನೂ ನೋಡಿದ್ದಳು. ಆದರೆ ಕುವೈತಿನಲ್ಲಿರುವ ಮಂಗಳೂರಿನವರು ಇಂಥ ಬಕೆಟ್ಟುಗಳನ್ನು ನೋಡುವುದಿಲ್ಲ. ನವೆಂಬರಿನಲ್ಲಿ ಒಬ್ಬೊಬ್ಬರು ಪೆಟ್ಟಿಗೆಗಟ್ಟಲೆ ಕಪ್ಪುದ್ರಾಕ್ಷಿ ಒಯ್ಯುವುದನ್ನು ಯಾರೂ ನೋಡುವುದಿಲ್ಲ. ಕ್ರಿಸ್ಮಸ್ ಊಟದಲ್ಲಿ ಸ್ಟೀಲ್ ಲೋಟದಲ್ಲಿ ಬರುವ 'ಜ್ಯೂಸ್' ಕುಡಿದವರು ಯಾಕೆ ಹಾಡತೊಡಗುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಮದ್ಯ ನಿಷಿದ್ಧವಾದ ದೇಶ, ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡೀಪಾರು. ಕಾಣದಿರುವುದೇ ಅಲ್ಲಿ ಸಭ್ಯತೆ. ಮದುವೆಯಾದಂದಿನಿಂದ ಆಲಿವ್ ಕೂಡ ತನ್ನದೇ ಬಾಲ್ಕನಿಯ ಬಕೆಟ್ಟನ್ನು ನೋಡಿರಲಿಲ್ಲ. ಕುಸುಮಕ್ಕನೂ ಮರ್ಯಾದಸ್ತಳಂತೆ ಮುಖ ತಿರುಗಿಸಿದಳು. ಜೀವನದಲ್ಲಿ ಅವಳು ಮರ್ಯಾದೆ ತೋರಿಸಿದ್ದು ಅದೊಂದೇ ಸಲ, ಅದೇ ಎಡವಟ್ಟಾಯಿತು. ಯೂಜಿನ್ ವೈನನ್ನು ಸೋಸಿ ಬಾಟಲಿಗೆ ತುಂಬಿ ಅಡಗಿಸಿದ್ದ. ಹಿಂಡಿದ ದ್ರಾಕ್ಷಿಯ ಚರಟವನ್ನು ಬಕೆಟ್ಟಿನಲ್ಲಿ ಹಾಗೇ ಬಿಟ್ಟು ವಿಮಾನ ಹತ್ತಿದ್ದ.

ಇಪ್ಪತ್ತನಾಲ್ಕರ ಮಧ್ಯಾಹ್ನ ಮಂಗಳೂರಿನ ಮನೆ ತುಂಬ ನೆಂಟರು. ಚರ್ಚಿನ ಫಾದರ್ ಕೂಡ ಬಂದು ಕೂತಿದ್ದರು. ಆಲಿವಳ ಕೈಗೆಲ್ಲ ಹಿಟ್ಟು. ಫೋನ್ ಬಂತು. ಸ್ಪೀಕರ್ ಹಾಕಿದಳು.

"ಬಾಯಿ, ಬಿಷಪ್ ಕುಡಿದು ಬಿದ್ದಿದ್ದಾನೆ."

ಫಾದರ್ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ಅತ್ತೆ ಶಿಲುಬೆಯ ಗುರುತು ಹಾಕಿಕೊಂಡರು. ನಾಯಿ, ನಾಯಿಯ ಹೆಸರು ಎಂದು ಆಲಿವ್ ವಿವರಿಸುವಷ್ಟರಲ್ಲಿ ಯೂಜಿನ್ ಫೋನ್ ಕಿತ್ತುಕೊಂಡು ಹಿತ್ತಲಿಗೆ ಓಡಿದ್ದ. ಆಲಿವ್ ಅವನ ಹಿಂದೆ ಓಡಿದಳು.

"ಗೋಡೆ ಹಿಡಿದು ನಡೀತಿದ್ದಾನೆ, ಪೊರ್ಬುಳೇ. ಎರಡು ಸಲ ವಾಂತಿ. ಅರ್ಧ ಬಕೆಟ್ಟು ಖಾಲಿ. ಅದರಲ್ಲಿ ಎಂತ ಇತ್ತು?"

"ದ್ರಾಕ್ಷಿ ಸಿಪ್ಪೆ. ಜ್ಯೂಸಿನದ್ದು."

"ಜ್ಯೂಸಿನ ಸಿಪ್ಪೆ ತಿಂದ ನಾಯಿಯ ಬಾಯಿ ನನ್ನ ದೊಡ್ಡಪ್ಪನ ಬಾಯಿಯ ಹಾಗೆ ನಾರುದಿಲ್ಲ. ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ತೇನೆ."

"ಹೋಗಿ, ಹೋಗಿ. ಆದರೆ ಚಾಕಲೇಟ್ ಕೇಕ್ ತಿಂದ ಅಂತ ಹೇಳಿ. ದ್ರಾಕ್ಷಿ ಸುದ್ದಿ ತೆಗೀಬೇಡಿ. ಯಾರಾದರೂ ಕಂಪ್ಲೇಂಟ್ ಮಾಡಿದರೆ ಮನೆಗೆ ಪೊಲೀಸ್ ಬರ್ತಾರೆ. ನನ್ನ ಕೆಲಸ, ಇಕಾಮಾ ಪರ್ಮಿಟ್, ರಿಯೋನಾಳ ಶಾಲೆ, ಎಲ್ಲ ಖಲಾಸ್. ಮನೆಯಲ್ಲಿರುದು ನೀವು, ಮೊದಲು ಹಿಡಿಯುದು ನಿಮ್ಮನ್ನೇ!"

ಅದು ಸುಳ್ಳಲ್ಲ. ಆಲಿವಳಿಗೂ ಗೊತ್ತಿತ್ತು. ಹದಿನೆಂಟು ವರ್ಷ ಕಟ್ಟಿದ ಸಂಸಾರ ಒಂದು ಬಕೆಟ್ಟಿನ ಮೇಲೆ ಕೂತಿತ್ತು. ಆದರೆ ಅವಳು ಇನ್ನೊಂದನ್ನೂ ಬಲ್ಲಳು. ಆಸ್ಪತ್ರೆಯಲ್ಲಿ ಪ್ರತಿದಿನ ನೋಡುತ್ತಿದ್ದಳು: ತಿಂದದ್ದನ್ನು ಮುಚ್ಚಿಟ್ಟವರಿಗೆ ಕೊಟ್ಟ ಮದ್ದು ತಿಂದದ್ದಕ್ಕಲ್ಲ, ಹೇಳಿದ್ದಕ್ಕೆ. ಹಿಂದಿನಿಂದ ರಿಯೋನಾಳ ದನಿ ಕೇಳಿಸಿತು. "ಮಮ್ಮಾ, ಈಸ್ ಹಿ ಡೈಯಿಂಗ್?"

ಆಲಿವ್ ಹಿಟ್ಟಿನ ಕೈಯಲ್ಲೇ ಫೋನ್ ತೆಗೆದುಕೊಂಡಳು. "ಕುಸುಮಕ್ಕ, ದ್ರಾಕ್ಷಿ. ಸಕ್ಕರೆ, ಈಸ್ಟ್ ಹಾಕಿ ಹುಳಿ ಬರಿಸಿದ್ದು. ಮೂತ್ರಪಿಂಡ ಹೋಗ್ತದೆ, ಜೊತೆಗೆ ಅಮಲು. ಡಾಕ್ಟರಿಗೆ ಎರಡೂ ಗೊತ್ತಾಗಬೇಕು. ಆದರೆ ಸಿಕ್ಕಿಬೀಳುದು ನೀವು. ಹಾಗಾಗಿ ನಾನು ಹೇಳಿ ಅಂತ ಹೇಳಲಾರೆ."

"ಫೋನಲ್ಲಿ ಇದೆಲ್ಲ ಮಾತಾಡ್ಬೇಡ್ವೇ!" ಯೂಜಿನ್ ತಲೆ ಹಿಡಿದುಕೊಂಡ.

"ಯಾರಿಗೆ ಬೇಕು ಮಾರಾಯಾ ನಿನ್ನ ಅಡುಗೆ ಪುಸ್ತಕ" ಎಂದು ಫೋನ್ ಇಟ್ಟಳು ಕುಸುಮಕ್ಕ.

ಮುಂದಿನದನ್ನು ಆ ಎರಡು ದಿನಗಳಲ್ಲಿ ಅವಳೇ ಆಲಿವಳಿಗೆ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದಳು, ಪ್ರತಿ ಸಲ ಸ್ವಲ್ಪ ಉದ್ದ ಮಾಡಿ. ಬಿಷಪ್‌ನನ್ನು ಆಲಿವಳ ಕಾಶ್ಮೀರಿ ಶಾಲಿನಲ್ಲಿ ಸುತ್ತಿ, ವಾಚ್‌ಮನ್ನಿನ ಸಹಾಯದಿಂದ ಇಳಿಸಿ, ಟ್ಯಾಕ್ಸಿಯಲ್ಲಿ ಮಲಗಿಸಿದಳಂತೆ. "ಬಚ್ಚಾ ಬೀಮಾರ್ ಹೈ, ಭಾಯಿ, ಚಲೋ" ಎಂದಳಂತೆ. ಪಠಾಣ ಡ್ರೈವರ್ ಅಯ್ಯೋ ಪಾಪ ಎಂದು ಸಿಗ್ನಲ್ ಹಾರಿಸಿಕೊಂಡು ಓಡಿಸಿದ. ಅರ್ಧ ದಾರಿಯಲ್ಲಿ ಬಚ್ಚಾದ ಬಾಲ ಹೊರಗೆ ಬಂತು. ಡ್ರೈವರ್ ಕನ್ನಡಿಯಲ್ಲಿ ನೋಡಿದ, ಇವಳು ಕಿಟಕಿಯ ಹೊರಗೆ ನೋಡಿದಳು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಹಬ್ಬದ ಸಂತೆಯ ಹಾಗೆ ಜನ. ಕೈಮೇಲೆ ಗಿಡುಗ ಕೂರಿಸಿಕೊಂಡ ಮುದುಕ. ರಿಬ್ಬನ್ ನುಂಗಿದ ಬೆಕ್ಕು. ಮರುಭೂಮಿಯ ಕ್ಯಾಂಪಿನಲ್ಲಿ ಕುರಿಯ ಮೂಳೆ ಗಂಟಲಿಗೆ ಸಿಕ್ಕಿಸಿಕೊಂಡ ಇನ್ನೊಂದು ನಾಯಿ. ಖಾಲಿ ಇದ್ದದ್ದು ಒಂದೇ ಕುರ್ಚಿ. ಪಕ್ಕದಲ್ಲಿ ಕೂತಿದ್ದವನು ಸಮವಸ್ತ್ರದಲ್ಲಿದ್ದ ಪೊಲೀಸ್, ಮಡಿಲಲ್ಲಿ ಬಿಳಿ ಬೆಕ್ಕು.

"ಕೂತೆ ಬಾಯಿ. ಎಂತ ಮಾಡುದು? ಮೊಣಕಾಲು ನೋಯ್ತಿತ್ತು."

ಬಿಷಪ್ ತೇಗಿದ. ಪೊಲೀಸ್ ಮೂಗು ಸುಕ್ಕಿಸಿದ. ಅಷ್ಟರಲ್ಲಿ ನಾಯಿಯ ಕಾಲು ಸೆಟೆದದ್ದು ಕಂಡು ಸಿರಿಯಾದ ಡಾಕ್ಟರ್ ತಾನೇ ಹೊರಗೆ ಓಡಿ ಬಂದ. ಅಲ್ಲೇ, ಎಲ್ಲರ ಎದುರು, ಏನು ತಿಂದ ಎಂದು ಕೇಳಿದ. ಚಾಕಲೇಟ್ ಎನ್ನಬಹುದಿತ್ತು. ಬಾಯಿಗೂ ಬಂದಿತ್ತಂತೆ. ನಾಯಿಯ ಕಣ್ಣು ಮೇಲೆ ಹೋಗುತ್ತಿತ್ತು. "ದ್ರಾಕ್ಷಿ," ಎಂದಳು, "ಹುಳಿ ಬಂದದ್ದು. ಅಮಲಿನದ್ದು. ಅರ್ಧ ಬಕೆಟ್." ಡಾಕ್ಟರ್ ಅವಳ ಮುಖ ನೋಡಿದ. ಯಾರೂ ಕೇಳದಿದ್ದರೂ ಅವಳು, "ನಾನೇ ಮಾಡಿದ್ದು. ನಾನೊಬ್ಬಳೇ ಕುಡಿಯುದು" ಎಂದು ಸೇರಿಸಿದಳು. ಜನ್ಮದಲ್ಲಿ ಮದ್ಯ ಮುಟ್ಟದವಳು.

ಪೊಲೀಸ್ ಎದ್ದು ನಿಂತ. ಕುಸುಮಕ್ಕ ಮನಸ್ಸಿನಲ್ಲೇ ಮುಲ್ಕಿಗೆ ಟಿಕೆಟ್ ತೆಗೆದಳು. ಅವನು ಡಾಕ್ಟರನ ಮುಂದೆ ಹೋಗಿ ಜೋರು ದನಿಯಲ್ಲಿ, ತನ್ನ ಬೆಕ್ಕು ಮುಂಚೆ ಬಂದದ್ದು, ಈ ನಾಯಿ ಸರದಿ ತಪ್ಪಿಸಿ ಹೇಗೆ ಒಳಗೆ ಹೋಗುತ್ತದೆ ಎಂದು ಜಗಳ ಶುರುಮಾಡಿದ. ಆ ಜಗಳದ ನಡುವೆಯೇ ಬಿಷಪ್‌ನನ್ನು ಒಳಗೆ ಎತ್ತಿಕೊಂಡು ಹೋದರು.

ವಾಂತಿ ಮಾಡಿಸಿದರು. ಇದ್ದಿಲಿನ ಮದ್ದು ಕುಡಿಸಿದರು. ಡ್ರಿಪ್ ಹಾಕಿದರು. ಇನ್ನು ಮೂತ್ರ ಹೋಗಬೇಕು, ಹೋದರೆ ಮೂತ್ರಪಿಂಡ ಉಳಿದಂತೆ ಎಂದ ಡಾಕ್ಟರ್. ಆ ವರ್ಷ ಮಂಗಳೂರಿನ ಆ ಮನೆಯಲ್ಲಿ ಕ್ರಿಸ್ಮಸ್ ನಡೆದದ್ದು ಮೂತ್ರದ ನಿರೀಕ್ಷೆಯಲ್ಲಿ. ಮಧ್ಯರಾತ್ರಿಯ ಪೂಜೆಯಲ್ಲಿ ರಿಯೋನಾ ಬೇರೇನನ್ನೂ ಬೇಡಲಿಲ್ಲ. ಕುಸುಮಕ್ಕ ರಜೆ ಹಾಕಿ ಆಸ್ಪತ್ರೆಯ ಬೆಂಚಿನಲ್ಲೇ ಕೂತಳು. ಎದೆಯಲ್ಲಿ ಏನೋ ಹಿಡಿದಂತಾಗುತ್ತದೆ ಎಂದು ಫೋನಿನಲ್ಲಿ ಒಮ್ಮೆ ಹೇಳಿದಳು. ತೋರಿಸಿಕೊಳ್ಳಿ ಎಂದಳು ಆಲಿವ್. "ಇಲ್ಲಿ ತೋರಿಸಿದರೆ ನನಗೂ ಹುಳದ ಮಾತ್ರೆ ಕೊಡ್ತಾರೆ" ಎಂದಳು ಕುಸುಮಕ್ಕ. ಆಲಿವ್ ನಕ್ಕಳು. ನರ್ಸ್ ಅವಳು. ನಕ್ಕಳು.

ಕ್ರಿಸ್ಮಸ್ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ ಸಂದೇಶ ಬಂತು. ಅವಳು ಬಿಷಪ್‌ಗೆ ಬಹುವಚನ ಬಳಸಿದ್ದು ಅದೇ ಮೊದಲು. "ಬಿಷಪರು ಮೂತ್ರ ಮಾಡಿದರು. ಧಾರಾಳ." ಯೂಜಿನ್ ಅದನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದ. ಅತ್ತೆಯೂ ಚಪ್ಪಾಳೆ ತಟ್ಟಿದರು. ಮರುದಿನ ರಕ್ತಪರೀಕ್ಷೆಯೂ ಚೆನ್ನಾಗಿ ಬಂತು. ನಾಳೆ ಮನೆಗೆ ಕರೆದೊಯ್ಯಿರಿ, ಆದರೆ ಈ ನಾಯಿಗೆ ಇನ್ನು ದ್ರಾಕ್ಷಿಯ ಒಂದು ತೊಟ್ಟೂ ಸೋಕಬಾರದು ಎಂದ ಡಾಕ್ಟರ್.

ಇಪ್ಪತ್ತೇಳರ ಬೆಳಿಗ್ಗೆ ನಾಯಿಯನ್ನು ಒಯ್ಯಲು ಯಾರೂ ಬಂದಿಲ್ಲ ಎಂದು ಆಸ್ಪತ್ರೆಯಿಂದ ಆಲಿವಳಿಗೆ ಫೋನ್ ಬಂತು. ಅವಳು ವಾಚ್‌ಮನ್‌ಗೆ ಹೇಳಿದಳು. ಅವನು ಬಾಗಿಲು ತೆಗೆದ. ಕುಸುಮಕ್ಕ ಸೋಫಾದಲ್ಲಿ ಕೂತಿದ್ದಳು, ತಲೆ ಒಂದು ಬದಿಗೆ. ಒಬ್ಬಂಟಿಯಾಗಿ ಸತ್ತ ವಿದೇಶಿ ಹೆಂಗಸು, ಅದೂ ಬೇರೆಯವರ ಮನೆಯಲ್ಲಿ. ಪೊಲೀಸರು ಬಂದರು. ಕಪಾಟು, ಅಡುಗೆಮನೆ, ಬಾಲ್ಕನಿ, ಸಾಮಾನಿನ ಕೋಣೆ, ಎಲ್ಲವನ್ನೂ ತೆರೆದು ನೋಡಿದರು. ತೊಳೆದು ಕವುಚಿಟ್ಟ ಬಕೆಟ್ಟು ಇತ್ತು. ನಾಯಿಯ ತಟ್ಟೆ ಇತ್ತು. ಬೇರೇನೂ ಸಿಗಲಿಲ್ಲ. ಬರೆಯುವುದನ್ನು ಬರೆದುಕೊಂಡು ಹೋದರು. ಯೂಜಿನ್ ಈಗಲೂ ಟೈ ಕಟ್ಟಿ ಕೆಲಸಕ್ಕೆ ಹೋಗುತ್ತಾನೆ. ರಿಯೋನಾ ಅದೇ ಶಾಲೆಯಲ್ಲಿದ್ದಾಳೆ. ಬಿಷಪ್ ಮೊದಲಿಗಿಂತ ದಪ್ಪಗಾಗಿದ್ದಾನೆ.

ಹಬ್ಬಕ್ಕೆ ಊರಿಗೆ ಹೋಗಿದ್ದ ಆಲಿವ್ ಮತ್ತು ಯೂಜಿನ್ ಬಜ್ಪೆ ವಿಮಾನ ನಿಲ್ದಾಣದ ಕಾರ್ಗೋ ವಿಭಾಗದಲ್ಲಿ ಕುಸುಮಕ್ಕನ ಅಣ್ಣನ ಜೊತೆ ನಿಂತು ಪೆಟ್ಟಿಗೆಯನ್ನು ಇಳಿಸಿಕೊಂಡರು. ಮುಲ್ಕಿಯವರೆಗೆ ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ಅವಳಿದ್ದ ಗಾಡಿಯಲ್ಲಿ ಮಾತಿಲ್ಲದ್ದು ಅದೇ ಮೊದಲು.

ಇಪ್ಪತ್ತಾರರ ಸಂಜೆ, ಪದಾರ್ಥವನ್ನು ಒಲೆಗಿಡುವುದಕ್ಕೆ ಸ್ವಲ್ಪ ಮೊದಲು, ಆಲಿವಳಿಗೆ ಕುಸುಮಕ್ಕನ ವಿಡಿಯೋ ಕರೆ ಬಂದಿತ್ತು. ಮರುದಿನ ನಾಯಿ ಬರುತ್ತದೆಂದು ಮನೆ ತೊಳೆಯುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಮುಖ ಬೆವರಿತ್ತು.

"ಪೊರ್ಬುಳು ಎಲ್ಲಿ? ಕರಿ."

ಯೂಜಿನ್ ಬಂದ. ಫೋನಿನಲ್ಲಿ ಸಾಮಾನಿನ ಕೋಣೆ ಕಂಡಿತು. ಆ ವರ್ಷ ಬಿಚ್ಚದೆ ಇಟ್ಟಿದ್ದ ಗೋದಲಿಯ ಪೆಟ್ಟಿಗೆ, ಅದರೊಳಗೆ ಒಣಹುಲ್ಲು, ಹುಲ್ಲಿನ ಮೇಲೆ ಕುರಿ, ಒಂಟೆ, ಮೂವರು ಅರಸರು.

"ಬಾಲಯೇಸುವಿನ ಹಾಸಿಗೆಯ ಕೆಳಗೆ ಇದೆಂತದ್ದು ಪೊರ್ಬುಳೇ, ಆರು ಬಾಟಲಿ?"

ಯೂಜಿನ್ ನೆಲ ನೋಡಿದ. ಆಲಿವ್ ಯೂಜಿನ್‌ನನ್ನು ನೋಡಿದಳು.

"ಅದು ಮುಚ್ಚಳ ಗಟ್ಟಿ ಉಂಟು ಕುಸುಮಕ್ಕ. ಅಲ್ಲೇ ಇರಲಿ. ನಾವು ಬಂದ ಮೇಲೆ ನೋಡುವ."

"ನೀವು ಬರುದು ಮುಂದಿನ ವಾರ. ನಾಯಿ ಬರುದು ನಾಳೆ. ಅವನಿಗೆ ಈಗ ರುಚಿ ಹತ್ತಿದೆ."

"ಮೇಲಿನ ಕಪಾಟಿನಲ್ಲಿ ಇಡಿ!"

"ನಿನ್ನ ನಾಯಿ ಅಲ್ವಾ. ಏಣಿ ಹಾಕಿ ಹತ್ತಿಯಾನು."

ಅವಳು ಬಚ್ಚಲಿಗೆ ಹೋದಳು. ಫೋನನ್ನು ಕನ್ನಡಿಗೆ ಒರಗಿಸಿಟ್ಟು, ಇಬ್ಬರೂ ನೋಡುವಂತೆ, ಒಂದೊಂದೇ ಬಾಟಲಿಯನ್ನು ಕಮೋಡಿಗೆ ಸುರಿದಳು. ಪ್ರತಿ ಬಾಟಲಿಗೂ ಯೂಜಿನ್ ಒಂದೊಂದು ಸಂತನ ಹೆಸರು ಹೇಳಿದ. ಬಾಟಲಿಗಳನ್ನು ತೊಳೆದು, ಚೀಲಕ್ಕೆ ತುಂಬಿ, ವಾಚ್‌ಮನ್‌ನ ಕೈಯಲ್ಲಿ ಕಸಕ್ಕೆ ಕಳಿಸಿ ಬಂದಳು. ಕೊನೆಯ ಬಾಟಲಿಯಿಂದ ಮಾತ್ರ ಹಲ್ಲುಜ್ಜುವ ಲೋಟಕ್ಕೆ ಒಂದು ಬೆರಳಿನಷ್ಟು ವೈನ್ ಬಗ್ಗಿಸಿಟ್ಟಿದ್ದಳು.

"ನನ್ನದು ಅಂತ ಊರೆಲ್ಲ ಹೇಳಿ ಆಗಿದೆ. ರುಚಿ ಹೇಗುಂಟು ಅಂತ ಗೊತ್ತಿರಬೇಕಲ್ಲ" ಎಂದು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಮುಖ ಹುಣಸೆಹಣ್ಣಿನ ಹಾಗೆ ಮುದುಡಿತು.

"ಥೂ ಪೊರ್ಬುಳೇ. ಇದಕ್ಕೆ ಜೈಲಿಗೆ ಹೋಗುದಾ?"

ಉಳಿದದ್ದನ್ನು ಕಮೋಡಿಗೆ ಚೆಲ್ಲಿ, ಫ್ಲಷ್ ಒತ್ತಿದಳು.